ಎರಡು ಡಬ್ಬಿ ಹೆಪ್ಪು

ಹೈದರಾಬಾದ್

ಸೊಸೆ ತನುಜಾಳಿಗೆ ಅತ್ತೆಯ ಆಶೀರ್ವಾದ. ಫೋನಿನಲ್ಲಿ ಹೇಳಿದರೆ ನೀನು ನಗುವುದು ಕೇಳಿಸುತ್ತದೆ, ಅದಕ್ಕೇ ಕಾರ್ಡು ಬರೆಯುತ್ತಿದ್ದೇನೆ.

ಅಜ್ಜಂಪುರದಿಂದ ಎರಡು ಡಬ್ಬಿಯಲ್ಲಿ ತಂದ ನನ್ನ ಹೆಪ್ಪು, ನಿನ್ನ ಹೆಪ್ಪು ಎರಡನ್ನೂ ನಿನ್ನ ಮಗಳು ಸ್ಪಂದನಾ ತನ್ನ ಲ್ಯಾಬಿನಲ್ಲಿ ಪರೀಕ್ಷೆ ಮಾಡಿದಳು. ನಿನ್ನ ಮೊಸರು ಲೋಳೆಯಾಗುವುದು ನಿನ್ನ ಕೈಗುಣದಿಂದ ಎಂದು ಇಪ್ಪತ್ತಾರು ವರ್ಷದಿಂದ ಹೇಳುತ್ತಾ ಬಂದಿದ್ದೇನಲ್ಲ, ಅದು ಇತ್ಯರ್ಥವಾಗಲಿ ಎಂದು ನಾನೇ ಹಟ ಹಿಡಿದಿದ್ದೆ. ಇಲ್ಲಿ ಪ್ರೋಟೀನನ್ನು ತೂಗುವ ಯಂತ್ರವೊಂದಿದೆ, ನಮ್ಮ ಬೀರುವಿನಷ್ಟು ದೊಡ್ಡದು. ಎರಡು ಡಬ್ಬಿಯಲ್ಲೂ ಇರುವುದು ಒಂದೇ ಜಾತಿಯ ಬ್ಯಾಕ್ಟೀರಿಯಾಗಳಂತೆ. ಬೆಚ್ಚಗಿಟ್ಟರೆ ಒಂದು ಬಗೆಯ ಪ್ರೋಟೀನ್ ಮಾಡುತ್ತವೆ, ತಣ್ಣಗಿಟ್ಟರೆ ಬೇರೆ ಬಗೆಯದನ್ನು ಮಾಡಿಕೊಂಡು ಲೋಳೆ ಹೊದ್ದು ಕೂರುತ್ತವೆ.

"ಅಮ್ಮನ ಕೈಯಲ್ಲೇನೂ ಇಲ್ಲ ಕಣಜ್ಜಿ. ನೀನು ನಿನ್ನ ಗಡಿಗೆ ಒಲೆ ಪಕ್ಕ ಇಟ್ಕೊಂಡು, ಅವಳಿಗೆ ನೀರಿನ ಗುಡಾಣದ ಪಕ್ಕ ಜಾಗ ಕೊಟ್ಟಿದ್ದೀಯ," ಎಂದಳು.

"ಆ ಯಂತ್ರಕ್ಕೆ ಸೊಸೆ ಇದ್ದಾಳೇನೇ?" ಎಂದೆ.

"ಇಲ್ಲ, ಅದಕ್ಕೇ ನಿಜ ಹೇಳುತ್ತೆ."

ಆಮೇಲೆ ನನ್ನ ಹೆಪ್ಪನ್ನೇ ತಣ್ಣಗಿಟ್ಟು ತೋರಿಸಿದಳು. ನನ್ನ ಮೊಸರು ಲ್ಯಾಬಿನವರೆಲ್ಲರ ಎದುರು ಚಮಚದಿಂದ ನೂಲಿನಂತೆ ಜೋತುಬಿತ್ತು.

ಮಂಡಿನೋವು ಕಡಿಮೆಯಿದೆ. ಇವತ್ತೇ ನಿನ್ನ ಗಡಿಗೆಯನ್ನು ಒಲೆಯ ಪಕ್ಕದ ನನ್ನ ಗೂಡಿನಲ್ಲಿಡು. ತಿಂಗಳ ಕೊನೆಗೆ ಬೀಗರು ಬಂದಾಗ ನಿನ್ನ ಮೊಸರನ್ನೇ ಬಡಿಸು. ಯಾರಾದರೂ ಹೊಗಳಿದರೆ, ಜಾಗ ತೋರಿಸಿಕೊಟ್ಟವರು ನಮ್ಮತ್ತೆ ಎಂದು ಹೇಳುವುದನ್ನು ಮರೆಯಬೇಡ.

ದಾಕ್ಷಾಯಣಮ್ಮ