ಸೆಹರಾ ಸರಿಸದ ಫೋಟೋ

೧೨ ಜನವರಿ ೨೦೦೮, ಬ್ಯಾಡಗಿ
ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸ ಅರ್ಧಕ್ಕೇ ನಿಂತಿತು. ಅಳಿಯ ಜಮಶೀದನ ಪತ್ರ, ಯುರೋಪಿನಿಂದ. ಧಾರವಾಡದಲ್ಲಿ ಓದಲು ಬಂದಿದ್ದ ಕಾಬೂಲಿನ ಹುಡುಗ. ನಮ್ಮ ಸಿಮ್ರಾನಳನ್ನು ಮದುವೆಯಾದ. ತಂದೆಯ ಮಣ್ಣಿಗೆಂದು ಕಾಬೂಲಿಗೆ ಹೋದವನು ಅಲ್ಲಿನ ಗಲಭೆಯಲ್ಲಿ ಜೀವ ಉಳಿಸಿಕೊಂಡು ಯುರೋಪಿಗೆ ಓಡಿದ. ಅಷ್ಟು ವರ್ಷ ಆಶ್ರಯದ ಕೇಸು. ಈಗ ಅಲ್ಲಿಯ ಸರ್ಕಾರದವರು ಇರಲು ಒಪ್ಪಿದ್ದಾರೆ. ಹೆಂಡತಿ, ಮಗನನ್ನು ಕರೆಸಿಕೊಳ್ಳಬಹುದು... ಮದುವೆಯ ಕಾಗದ, ನಿಕಾಹನಾಮಾ, ಒಂದೇ ಸಾಲದಂತೆ. ಮದುವೆಯಲ್ಲಿ ಇಬ್ಬರ ಮುಖ ಕಾಣುವ ಫೋಟೋ ಬೇಕು.
ಮೊಮ್ಮಗ ಶಾಕೀರ ಹುಟ್ಟಿದ್ದು ಅವನು ಹೋದ ಮೇಲೆ; ಅಪ್ಪನನ್ನು ಕಂಡೇ ಇಲ್ಲ.

೧೩ ಜನವರಿ
ಆಲ್ಬಂ ತೆಗೆದೆವು. ಪ್ರತಿ ಫೋಟೋದಲ್ಲೂ ಅಳಿಯನ ಮುಖದ ಮೇಲೆ ಸೆಹರಾ — ಹಣೆಯಿಂದ ಎದೆಯವರೆಗೆ ಮಲ್ಲಿಗೆಯ ಪರದೆ. ಮಗಳಿಗೂ ಅದೇ. ಫೋಟೋ ತೆಗೆದ ಫಕ್ಕೀರಪ್ಪನ ಅಂಗಡಿಗೆ ಒಯ್ದೆ.
“ಮಾರಿ ಎಲ್ಲೈತ್ರಿ ಸಾಬ್ರ? ಹೂವಿನಂಗಡಿ ಕಂಡಂಗ ಕಾಣತೈತಿ!”
“ನೀನ ತಗದಿದ್ದಲ್ಲೋ.”
“ಹೂವ ಸರಸ್ರಿ ಅಂದಿದ್ದೆ. ನಿಮ್ಮ ಮನಿಯವ್ರು ಬೈದ್ರು.”
ಹೆಂಡತಿ ರಸೂಲಬಿಯನ್ನು ಕೇಳಿದೆ.
“ಮಂದಿ ದೃಷ್ಟಿ ತಾಗಬಾರದಂತ ಸೆಹರಾ ಕಟ್ಟೂದು. ಆಫೀಸಿನವ್ರಿಗೆ ತೋರ್ಸಾಕ ಮದುವಿ ಮಾಡಿದ್ನೇನು?”

೨ ಫೆಬ್ರವರಿ
ಇದ್ದ ಫೋಟೋವನ್ನೇ ದಿಲ್ಲಿಯ ವೀಸಾ ಆಫೀಸಿಗೆ ಕಳಿಸಿದೆ. ಜೊತೆಗೆ ಬರೆದೆ: ನಮ್ಮಲ್ಲಿ ಹೀಗೇ. ಹೂವಿನ ಹಿಂದೆ ಇರುವವರು ಅವರಿಬ್ಬರೇ.

೨೦ ಜೂನ್
ಮಗುವಿನ ರುಜುವಾತೂ ಬೇಕೆಂದು ದಿಲ್ಲಿಯವರು ಬರೆದಿದ್ದರು; ಶಾಕೀರನನ್ನು ಬೆಂಗಳೂರಿಗೆ ಕರೆದೊಯ್ದಿದ್ದೆವು. ಡಿಎನ್‌ಎ ಪರೀಕ್ಷೆ. ಬಾಯಲ್ಲಿ ಹತ್ತಿ ಆಡಿಸಿದರು.
“ನಾ ಉಗಳಿಲ್ಲ ನಾನಾ, ಅವರ ಒರಸ್ಕೊಂಡ್ರು,” ಎಂದು ಶಾಕೀರ ಈ ಅಜ್ಜನ ಕಿವಿಯಲ್ಲಿ ಹೇಳಿದ.

೪ ನವೆಂಬರ್
ಉತ್ತರ ಬಂತು. ಮಗ ಜಮಶೀದನವನೇ. ಶಾಕೀರ ಹೋಗಬಹುದು. ಮದುವೆ ರುಜುವಾತಾಗಿಲ್ಲ, ಸಿಮ್ರಾನಳದು ಮತ್ತೆ ವಿಚಾರಣೆ — ವರ್ಷವೋ, ಎರಡೋ. ಜನವರಿಯೊಳಗೆ ಹೊರಡದಿದ್ದರೆ ಹುಡುಗನ ಪರವಾನಗಿಯೂ ರದ್ದು.
“ಹೆಂಡ್ತಿ ಸುಳ್ಳಂತ, ಕೂಸು ಖರೇ ಅಂತ!” ರಸೂಲಬಿ ನಕ್ಕಳು.

೯ ನವೆಂಬರ್, ಸಂಜೆ
ಇವತ್ತು ಸಿಮ್ರಾನ ತಾನೇ ಬಂದು ಎದುರಿಗೆ ಕುಳಿತಳು.
“ಅಬ್ಬಾ, ದಿಲ್ಲಿಗೆ ಬರೀರಿ.”
“ಏನಂತ ಬರೀಲಿ ಬೇಟಿ?”
“ಹುಡುಗನ್ನ ಕಳಸ್ತೇನಿ ಅಂತ.”
ಬರೆದೆ. ಸಹಿಗೆ ಪೆನ್ನು ಕೊಟ್ಟೆ. ಶಾಕೀರ ಅವಳ ತೊಡೆ ಏರಿದ.
“ಅಮ್ಮಿ, ವಿಮಾನದಾಗ ನಾ ಕಿಡಕಿ ಕಡೆ. ನೀ ಈ ಕಡೆ. ಆತಿಲ್ಲೋ?”
ಪೆನ್ನಿನ ಮುಚ್ಚಳ ಹಾಕಿದಳು. ಮತ್ತೆ ತೆಗೆದಳು. ಹುಡುಗ ಉತ್ತರಕ್ಕೆ ಕಾಯುತ್ತಿದ್ದಾನೆ. ನಾನು ಇತ್ತ ತಿರುಗಿ ಇದನ್ನು ಬರೆಯುತ್ತಿದ್ದೇನೆ; ಸಹಿಯ ಜಾಗ ಇನ್ನೂ ಖಾಲಿ.