ಅಳಬುರಕಿ ಸೀರೆ

ಐನಾಪುರ
ನವೆಂಬರ್ ೧೮, ೨೦೧೫

ನೀಲಕ್ಕಾ,

ಕಾಗದ ಯಾಕೆ ಇಷ್ಟು ಸಪೂರ ಪಟ್ಟಿಯ ಹಾಗಿದೆ ಎಂದು ನಗಬೇಡ. ಸೀರೆಯ ಫಾಲ್ ಒಳಗೆ ಹಿಡಿಸಬೇಕಲ್ಲ. ಪಾರ್ಸಲ್ ಕಟ್ಟುವವರು ನಮ್ಮ ಯಜಮಾನರೇ, ಒಂದೊಂದು ಮಡಿಕೆಯನ್ನೂ ತಟ್ಟಿ ನೋಡುತ್ತಾರೆ. ಸಪ್ಪಳ ಬರಬಾರದೆಂದು ಕಾಗದವನ್ನು ಹಿಸುಕಿ ಹಿಸುಕಿ ಮೆತ್ತಗೆ ಮಾಡಿದ್ದೇನೆ. ಹಳೆ ಸೀರೆ ಬಂದರೆ ಫಾಲ್ ಬಿಚ್ಚಿ ಒಳಗಿನ ಕೊಳೆ ನೋಡದೆ ಅವ್ವ ಎಂದೂ ಉಟ್ಟವಳಲ್ಲ. ನೀನೂ ಬಿಚ್ಚುತ್ತೀ ಎಂಬ ಧೈರ್ಯದ ಮೇಲೆ ಹೊಲಿದಿದ್ದೇನೆ. ಓದುತ್ತಿರುವವಳು ನೀನಲ್ಲದಿದ್ದರೆ, ತಾಯಿ, ಇದನ್ನು ಒಲೆಗೆ ಹಾಕಿಬಿಡು.

‘ಭಾಗ್ಯಾ, ಸಾಂಗಲಿ’ ಎಂಬ ಹೆಸರಿನಲ್ಲಿ ನಮ್ಮ ಸೀರೆ ಕೊಳ್ಳುವವಳು ನೀನೇ ಎಂದು ಹೋದ ತಿಂಗಳು ಗೊತ್ತಾಯಿತು. ನಾವು ಫೋನಿನಲ್ಲಿ ನಡೆಸುವ ಹರಾಜಿನಲ್ಲಿ ಕೆಂಪು ಇಳಕಲ್ ಸೀರೆಯ ಫೋಟೊ ಕೆಳಗೆ ಎಲ್ಲರೂ ಬೆಲೆ ಏರಿಸುತ್ತಿದ್ದರೆ, ಭಾಗ್ಯಾ ಮಾತ್ರ ‘ಇದು ಅಳಬುರಕಿ ಏನ್ರಿ?’ ಎಂದು ಕೇಳಿದ್ದಳಂತೆ. ನಮ್ಮವರು ಓದಿ, ಯಾವಾಕೋ ಹುಚ್ಚಿ ಎಂದು ನಕ್ಕರು. ನಾನು ಇಸ್ತ್ರಿ ಹಿಡಿದು ಹಾಗೇ ನಿಂತೆ. ಸೆರಗು ಸುಟ್ಟು ಬೈಸಿಕೊಂಡೆ. ನೀರಿಗೆ ಬಣ್ಣ ಬಿಡುವ ಸೀರೆಯನ್ನು ಅಳಬುರಕಿ ಎಂದು ಕರೆಯುವವರು ಅಕ್ಕೋಳದ ನಮ್ಮ ತವರಿನವರನ್ನು ಬಿಟ್ಟರೆ ಇನ್ನಾರಿದ್ದಾರೆ?

ಈ ವ್ಯಾಪಾರ ಶುರು ಮಾಡಿದ್ದು ನಾನೇ ಅಕ್ಕಾ. ಹಳೆ ಬಟ್ಟೆಗೆ ಸ್ಟೀಲ್ ಡಬ್ಬಿ ಕೊಡುವ ಅಕ್ಕವ್ವ ಬಾಗಿಲಿಗೆ ಬಂದಾಗ ಅವಳ ಗಂಟಿನಿಂದ ಒಳ್ಳೆಯ ಸೀರೆ ಆರಿಸಿಕೊಳ್ಳುತ್ತಿದ್ದೆ. ತೊಳೆದು, ರಫೂ ಮಾಡಿ, ಫಾಲ್ ಹಚ್ಚಿ ಹರಾಜಿಗೆ ಹಾಕಿದರೆ ಒಂದಕ್ಕೆ ಐವತ್ತೋ ನೂರೋ ಉಳಿಯುತ್ತಿತ್ತು. ಎಷ್ಟು ಬೀಗಿದ್ದೆ ಗೊತ್ತೇನು! ಫೋಟೊಗೆ ನಾನೇ ಉಟ್ಟು ನಿಲ್ಲುತ್ತಿದ್ದೆ, ಕುತ್ತಿಗೆಯಿಂದ ಕೆಳಗೆ ಮಾತ್ರ. ಯಾವನೋ ಒಬ್ಬ ‘ಮಾರೀನೂ ತೋರಸ್ರಿ’ ಎಂದು ಬರೆದ. ಅದನ್ನು ನಮ್ಮವರು ಅತ್ತೆಯ ಮುಂದೆ ಗಟ್ಟಿಯಾಗಿ ಓದಿದರು. ಅಂದಿನಿಂದ ಫೋನು ಅವರ ಕಿಸೆಯಲ್ಲಿದೆ. ವ್ಯಾಪಾರವನ್ನೇನೂ ಬಿಡಿಸಲಿಲ್ಲ. ‘ನೀ ತೊಳಿ, ನಾ ಮಾರ್ತೀನಿ’ ಎಂದರು. ಹೊರಗೆ ಹೋಗುವಾಗ ಮುಂಬಾಗಿಲಿಗೆ ಕೀಲಿ ಹಾಕುತ್ತಾರೆ, ಹಿತ್ತಲ ಬಾಗಿಲಿಗೆ ಅತ್ತೆ ಕೂತಿರುತ್ತಾರೆ. ನಾನು ತೊಳೆದ ಸೀರೆಗಳು ಪುಣೆ, ಹುಬ್ಬಳ್ಳಿ ಸುತ್ತುತ್ತಿವೆ. ನಾನು ಹೊಸ್ತಿಲು ದಾಟಿ ಏಳು ತಿಂಗಳಾಯಿತು. ಅಪ್ಪನಿಗೆ ಹೇಳಿ ಕಳಿಸಿದ್ದೆ. ‘ಮನಿ ಬಿಟ್ಟು ಹೋದಾಕಿ ಒಬ್ಬಾಕಿ ಸಾಕು’ ಎಂದನಂತೆ.

ಒಂದು ಮಾತು ಹೇಳದೆ ನಿನ್ನನ್ನು ಏನೂ ಕೇಳಲಾರೆ. ನೀನು ಸಂಗ್ರಾಮ ಭಾವನ ಜೊತೆ ಹೊರಟ ದಿನ ನಿಪ್ಪಾಣಿ ಸ್ಟ್ಯಾಂಡಿಗೆ ಅಪ್ಪ ಹೇಗೆ ಬಂದ ಎಂದು ನಿನಗೆ ಕಡೆಗೂ ತಿಳಿಯಲಿಲ್ಲ. ಹೇಳಿದ್ದು ನಾನು. ಆಮೇಲೆ ನಿನ್ನನ್ನು ಎಂಟು ದಿನ ಕೋಣೆಯಲ್ಲಿ ಹಾಕಿದರಲ್ಲ, ಆ ಕೀಲಿಕೈ ನನ್ನ ಸೊಂಟದಲ್ಲೇ ಇತ್ತು. ನೀನು ಬಾಗಿಲು ಬಡಿದು ಸುಜೀ, ಸುಜೀ ಎಂದು ಕರೆಯುತ್ತಿದ್ದೆ. ನಾನು ಹೊರಗೆ ಕೂತು ಅಕ್ಕಿ ಆರಿಸುತ್ತಿದ್ದೆ. ಕೊನೆಗೆ ಕೀಲಿಕೈ ಕಿತ್ತುಕೊಂಡು ಬಾಗಿಲು ತೆಗೆದವಳು ಅವ್ವ. ಅವಳೂ ಈಗಿಲ್ಲ. ಅಪ್ಪ ನನ್ನನ್ನು ಶಾಣ್ಯಾಕಿ ಎಂದು ಹೊಗಳಲಿ ಎಂದು ಮಾಡಿದೆ ಅಕ್ಕಾ. ಹೊಗಳಿದ ಕೂಡಾ.

ಇಷ್ಟು ಹೇಳಿದ ಮೇಲೂ ಕೇಳುತ್ತೇನೆ, ಮಾನಗೆಟ್ಟವಳು ಎನ್ನು ಬೇಕಾದರೆ. ಬಂದು ನನ್ನನ್ನು ಕರೆದುಕೊಂಡು ಹೋಗು. ಮಧ್ಯಾಹ್ನ ಊಟವಾದ ಮೇಲೆ ಅತ್ತೆಗೆ ಒಂದು ತಾಸು ಜೊಂಪು ಹತ್ತುತ್ತದೆ. ಹಿತ್ತಲ ಚಿಲಕ ನಾನು ತೆಗೆಯಬಲ್ಲೆ. ತೆಗೆದು ಎರಡು ಸಲ ನಿಂತಿದ್ದೆ. ಆಚೆ ಯಾರೂ ಇರಲಿಲ್ಲ, ಎಲ್ಲಿಗೆ ಹೋಗಲಿ ಎಂದು ಮತ್ತೆ ಹಾಕಿಕೊಂಡೆ.

ನಿನ್ನ ಮೇಲೆ ಯಾವ ಹಕ್ಕೂ ಉಳಿಸಿಕೊಳ್ಳದ ತಂಗಿ,
ಸುಜಾತಾ

ತಾ.ಕ.: ಉತ್ತರ ಬರೆಯಬೇಡ, ಅದು ನನ್ನ ಕೈಗೆ ಬರುವುದಿಲ್ಲ. ಬರುವುದಾದರೆ, ಬಣ್ಣ ಬಿಟ್ಟಿದೆ ಎಂದು ಹೇಳಿ ನೀನು ಕೊಂಡ ಈ ಹಸಿರು ಸೀರೆಯನ್ನು ವಾಪಸು ಕಳಿಸು. ನಮ್ಮವರು ಅದನ್ನು ನನ್ನ ಮೋರೆಗೆ ಎಸೆದು ಬೈಯುತ್ತಾರೆ, ಬೈಯಲಿ. ಮರುದಿನದಿಂದ ಹಿತ್ತಲ ಬಾಗಿಲ ಒಳಗೆ ನಿಂತಿರುತ್ತೇನೆ. ಉಪ್ಪುನೀರಿನಲ್ಲಿ ಮೂರು ಸಲ ತೊಳೆದು ನೋಡಿದ್ದೇನೆ ಅಕ್ಕಾ, ಈ ಸೀರೆ ಅಳುವುದಿಲ್ಲ. ವಾಪಸು ಬಂದರೆ ಅದು ನೀನೇ.