ಹದಿನೇಳು ಹಸುಗಳ ಪರವಾಗಿ

ಪುಚೊಂಗ್, ಮಲೇಷ್ಯಾ
14 ಜೂನ್ 2025

ಪ್ರೀತಿಯ ಅತ್ತೆಗೆ, ಸೊಸೆ ವೇದಾಳ ನಮಸ್ಕಾರ.

ಮಂಡಿನೋವು ಹೇಗಿದೆ? ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಿದಿರಾ, ಇಲ್ಲ ಇನ್ನೂ ಕಾಲಲ್ಲೇ ತುಳಿಯುತ್ತಿದ್ದೀರಾ? ಫೋನಿನಲ್ಲೇ ಕೇಳಬಹುದಿತ್ತು; ಆದರೆ ನೀವು ಸ್ಪೀಕರ್ ಹಾಕಿದರೆ ಉಡುಪಿಯ ನಿಮ್ಮ ಹೊಲಿಗೆ ಕ್ಲಾಸಿನ ಹುಡುಗಿಯರೆಲ್ಲ ಸೇರಿ ನಮ್ಮ ಸಂಸಾರದ ಅಳತೆ ತೆಗೆದುಬಿಡುತ್ತಾರೆ. ಅದಕ್ಕೇ ಈ ಕಾಗದ. ಪಕ್ಕದ ಬ್ಲಾಕಿನ ರಾಧಾಕೃಷ್ಣ ಡಾಕ್ಟರು ಇವತ್ತು ಊರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ.

ನನ್ನದೂ ಅಳತೆಯ ಕೆಲಸವೇ ಅಲ್ಲವೇ. ಗೂಳಿಯನ್ನು ಹಿಂಡಿಗೆ ಬಿಟ್ಟ ದಿನದಿಂದ ಕರು ಹಾಕಲು ಪ್ರತಿ ಹಸು ಎಷ್ಟು ದಿನ ತೆಗೆದುಕೊಂಡಿತೆಂದು ಎಣಿಸಿ ಅಂಕ ಕೊಡುವುದು. ಬೇಗ ಈಯುವ ತಾಯಂದಿರ ಹೆಣ್ಣುಗರುಗಳನ್ನು ಮುಂದಿನ ತಳಿಗೆ ಉಳಿಸಿಕೊಳ್ಳುವುದು. (ಇವು ಮಾಂಸದ ತಳಿಯ ದನ ಎಂದು ನೆರೆಮನೆಯ ಗಿರಿಜಮ್ಮನಿಗೆ ಮಾತ್ರ ಹೇಳಬೇಡಿ, ಆಕೆಯ ಪಾಲಿಗೆ ನಾನು ಹಾಲಿನ ಇಲಾಖೆ.) ಫೆಬ್ರವರಿಯಲ್ಲಿ ಜೋಹೋರಿನ ಒಂದು ಎಣ್ಣೆತಾಳೆ ತೋಟಕ್ಕೆ ಹೋಗಿದ್ದೆ. ಅಲ್ಲಿ ಮೇಯುವ ಹಿಂಡಿನ ಹದಿನೇಳು ಹಸುಗಳಲ್ಲಿ ಒಂದಕ್ಕೂ ಗರ್ಭ ನಿಂತಿರಲಿಲ್ಲ. ಮ್ಯಾನೇಜರ್ ಸುಹೈಮಿ ಪಟ್ಟಿ ಮುಂದಿಟ್ಟು, ಇಲ್ಲಿನವರ ಇಂಗ್ಲಿಷಿನಲ್ಲಿ, “ಆಲ್ ಎಂಪ್ಟಿ ಲಾ. ಯು ಸೈನ್, ಐ ಸೆಂಡ್” ಅಂದರು. ಕಳಿಸುವುದು ಎಲ್ಲಿಗೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಪೆನ್ನು ತೆಗೆದಾಗ ನಿಮ್ಮ ದನಿ ಕೇಳಿಸಿತು. ಎರಡು ವರ್ಷದ ಹಿಂದೆ, ಗೃಹಪ್ರವೇಶದ ತುಂಬಿದ ಪಂಕ್ತಿಯಲ್ಲಿ ಗಿರಿಜಮ್ಮ, “ಮದುವೆಯಾಗಿ ಐದು ವರ್ಷ ಆಯ್ತಲ್ಲ, ಸೊಸೆಗೆ ದೋಷ ಎಂತದ್ದಂತೆ?” ಎಂದಾಗ ನೀವು ಸೌಟು ಎತ್ತಿ ಹಿಡಿದು, “ಅವಳದ್ದು ನಾಲ್ಕು ಸಲ ಟೆಸ್ಟ್ ಆಯ್ತು. ಇನ್ನು ನನ್ನ ಮಗನದ್ದು ಮಾಡಿಸ್ಲಿಕ್ಕುಂಟು. ನಿಮಗೆ ಸಾರು ಬೇಕಾ?” ಎಂದಿರಿ. ನಿಮ್ಮ ಮಗ ಕೀರ್ತಿ ಅಂದು ಪಾಯಸವನ್ನೂ ಮುಟ್ಟದೆ ಎದ್ದುಹೋದರು. ಟೆಸ್ಟಿಗೂ ಹೋಗಲಿಲ್ಲ.

“ಗೂಳಿಯ ಟೆಸ್ಟ್ ಆಗಿದೆಯಾ?” ಎಂದು ಸುಹೈಮಿಯವರನ್ನು ಕೇಳಿದೆ. ಅವರು ನಕ್ಕರು. ಆಫೀಸಿನ ಕ್ಯಾಲೆಂಡರಿನಲ್ಲಿ ಅದರದ್ದೇ ಫೋಟೊ! ಹಟ ಹಿಡಿದು ಪರೀಕ್ಷೆ ಮಾಡಿಸಿದರೆ, ಕ್ಯಾಲೆಂಡರು ಚಂದ, ತಾರೀಖು ಮಾತ್ರ ಇಲ್ಲ. ಗೂಳಿಯ ದೋಷವನ್ನು ಹಸುಗಳ ತಲೆಗೆ ಕಟ್ಟಿದ್ದರು. ಬೇರೆ ಗೂಳಿ ಬಿಟ್ಟೆವು. ಕಳೆದ ವಾರ ಸ್ಕ್ಯಾನ್ ಮಾಡಿದಾಗ ಹದಿನೈದಕ್ಕೆ ಗರ್ಭ. ಹಿಂದಿನ ತಿಂಗಳುಗಳನ್ನು ಹಸುಗಳ ಅಂಕದಲ್ಲಿ ಹಿಡಿಯಬಾರದೆಂದು ಷರಾ ಬರೆದೆ. ಸಹಿ ನನ್ನದು, ಮಾತು ನಿಮ್ಮದು. ಅಂದು ಪಂಕ್ತಿಯಲ್ಲಿ ನಾನು ತಲೆ ಎತ್ತಲೂ ಇಲ್ಲ, ನಿಮಗೊಂದು ಮಾತು ಹೇಳಲೂ ಇಲ್ಲ. ಈಗ ಹದಿನೇಳು ಹಸುಗಳ ಪರವಾಗಿ, ಹದಿನೆಂಟನೆಯವಳ ಪರವಾಗಿಯೂ, ಥ್ಯಾಂಕ್ಸ್ ಅತ್ತೆ.

ಕ್ಲಾಸಿನ ಹುಡುಗಿಯರಿಗೆಲ್ಲ ನಾನು ಕೇಳಿದೆನೆಂದು ಹೇಳಿ. ನಮ್ಮಿಬ್ಬರನ್ನೂ ಹರಸಿ.

ನಿಮ್ಮ ಸೌಟಿನ ನೆರಳಿನಲ್ಲಿರುವ
ವೇದಾ

ತಾ.ಕ.: ರಾಧಾಕೃಷ್ಣರ ಟ್ಯಾಕ್ಸಿ ಕೆಳಗೆ ಬಂದು ನಿಂತಿದೆ. ಹದಿನೈದು ಹಸುಗಳ ಸುದ್ದಿ ಕೇಳಿ ಕೀರ್ತಿ ಎರಡು ದಿನ ಗೇಲಿ ಮಾಡಿದರು. ಮೂರನೆಯ ದಿನ ತಾವಾಗಿಯೇ ಆಸ್ಪತ್ರೆಗೆ ಹೋದರು. ನಿನ್ನೆ ರಿಪೋರ್ಟ್ ಬಂತು. ತೊಂದರೆ ಅವರಲ್ಲೇ. ಚಿಕಿತ್ಸೆ ಇದೆಯಂತೆ, ಖಾತ್ರಿ ಇಲ್ಲವಂತೆ. “ಅಮ್ಮನಿಗೆ ನೀನೇ ಬರಿ, ನನ್ನಿಂದ ಹೇಳ್ಲಿಕ್ಕೆ ಆಗುದಿಲ್ಲ” ಅಂದರು. ಮುಂದಿನ ಭಾನುವಾರ ಫೋನ್ ಮಾಡುತ್ತಾರೆ. ಸ್ಪೀಕರ್ ಹಾಕಬೇಡಿ. ಸಮಾಧಾನವನ್ನೂ ಹೇಳಬೇಡಿ. ಗಡ್ಡ ಬಿಟ್ಟಿದ್ದಾರೆ, ಅದಕ್ಕೆ ಬಯ್ಯಿರಿ.